ದಕ್ಷಿಣದ ಗೇಟು

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿರುವ ನಮ್ಮ ಕನ್ನಡ ಸಂಘದ ಕಟ್ಟಡವನ್ನು ಮೊದಲ ಸಲ ನೋಡಿದವರು ಕೇಳುವುದು ಒಂದೇ ಪ್ರಶ್ನೆ: "ಕೆಲಸ ಇನ್ನೂ ಬಾಕಿ ಇದೆಯೇನ್ರೀ?" ಸಂಘದ ಕಾರ್ಯದರ್ಶಿಯಾಗಿ ಏಗಿದ ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಬಾಕಿ ಏನೂ ಇಲ್ಲ. ಗುಮ್ಮಟವಿಲ್ಲ, ಕಮಾನಿಲ್ಲ, ಬಾಗಿಲ ಮೇಲೆ ಸಿಮೆಂಟಿನ ಆನೆಗಳಿಲ್ಲ, ಅಷ್ಟೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದಾಗ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ನೋಡಿ, ಆಮೇಲೆ ಮಾತಾಡಿ ಅನ್ನುತ್ತೇನೆ. ಅದರ ನಕ್ಷೆ ಬರೆದ ಸುಲೋಚನಾ ಮಾತ್ರ ಸಿಟ್ಟಾಗುವುದಿಲ್ಲ. "ಹೌದ್ರೀ, ನಿಮ್ಮಂಥವ್ರು ನಾಕು ಮಂದಿ ಬಂದು ಕೂತ್ರ ಮುಗೀತದ" ಅನ್ನುತ್ತಾಳೆ.

ಸುಲೋಚನಾ ಗದಗಿನವಳು, ನನಗೆ ತಂಗಿಯ ವಯಸ್ಸು, ಹಾಗಾಗಿ ಏಕವಚನ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ನಮ್ಮ ಬ್ಯಾಂಕಿನ ಜಯದೇವನನ್ನು ಮದುವೆಯಾಗಿ, ಎಂಬತ್ಮೂರರಲ್ಲಿ ಅವನ ಟ್ರಾನ್ಸ್‌ಫರ್ ಆರ್ಡರಿನ ಹಿಂದೆ ವಿಜಯವಾಡಕ್ಕೆ ಬಂದವಳು. ಬ್ಯಾಂಕಿನವರ ಹೆಂಡಂದಿರ ಪಾಡು ಗೊತ್ತಲ್ಲ. ಗಂಡನಿಗೆ ಹೋದ ಊರಲ್ಲೆಲ್ಲ ಒಂದು ಕುರ್ಚಿ ಕಾದಿರುತ್ತದೆ. ಹೆಂಡತಿ ಹಾಲಿನವನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಹುಡುಕಬೇಕು. ಸುಲೋಚನಾ ಹಾಲಿನವನ ಜೊತೆಗೆ ಕೆಲಸವನ್ನೂ ಹುಡುಕಿಕೊಂಡಳು. ಏಲೂರು ರಸ್ತೆಯ ಒಬ್ಬ ಬಿಲ್ಡರ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ಬರೆಯುವುದು ಇವಳು, ಕೆಳಗೆ ಸಹಿ ಹಾಕುವುದು ಬೇರೆಯವರು.

ಆಗ ವಿಜಯವಾಡದಲ್ಲಿ ಗಾಜಿನ ಹುಚ್ಚು ಹಿಡಿದಿತ್ತು. ಮುಖಕ್ಕೆಲ್ಲ ಗಾಜು ಹೊದಿಸಿದರೆ ಅದು ಮಾಡರ್ನ್. ಇವಳ ಆಫೀಸಿನವರೂ ಮೂರಂತಸ್ತಿನ ಒಂದು ಕಾಂಪ್ಲೆಕ್ಸಿಗೆ ಪಡುವಣ ದಿಕ್ಕಿಗೆ ಗಾಜು ಹಾಕಿದರು. ಬೇಡ ಎಂದು ಇವಳು ಬಡಕೊಂಡಿದ್ದಳು. ಕೃಷ್ಣಾ ನದಿಯ ಬಂಡೆಗಳೇ ಕಾದು ಹೆಂಚಾಗುವ ಊರದು. ಮೊದಲ ಬೇಸಿಗೆಯಲ್ಲೇ ಕಾಂಪ್ಲೆಕ್ಸಿನ ಬಾಡಿಗೆದಾರರು ಗಾಜಿಗೆಲ್ಲ ಒಳಗಿಂದ ಹಳೇ ನ್ಯೂಸ್‌ಪೇಪರ್ ಅಂಟಿಸಿ, ಹಾಡುಹಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂತರು. ಮಾಲೀಕರು ಎಲ್ಲರೆದುರು ಇವಳನ್ನೇ ಕೇಳಿದರಂತೆ, "ಏನಮ್ಮಾ, ನಿಮ್ಮ ಮಾಡರ್ನ್ ಆರ್ಕಿಟೆಕ್ಚರ್ ಇದೇನಾ?"

"ಇದು ಮಾಡರ್ನ್ ಅಲ್ರೀ, ಇದು ಫ್ಯಾಷನ್ನು. ಯಾವ ಗೋಡಿ ಯಾಕ ನಿಂತದ ಅಂತ ಕೇಳೂದು ಮಾಡರ್ನ್. ನೀವು ಕೇಳಲಿಲ್ಲ" ಎಂದಳಂತೆ ಈಕೆ. ಇದನ್ನು ತೆಲುಗಿನಲ್ಲಿ ಹೇಳಿದಳೋ ಗದಗಿನ ಕನ್ನಡದಲ್ಲೋ ನನಗೆ ಗೊತ್ತಿಲ್ಲ. ಕೆಲಸವಂತೂ ಉಳಿಯಿತು. ಅವಳು ಅಲ್ಲಿಂದ ಸಂಪಾದಿಸಿ ತಂದದ್ದು ಎರಡು: ಬರೀ ಸಾದಾ ಮೈ, ಸಣ್ಣ ಜರಿಯಂಚಿನ ಮಂಗಳಗಿರಿ ಸೀರೆಗಳು, ಮತ್ತು ಯಾರು ಎದುರು ನಿಂತರೂ ಅಲುಗದ ಒಂದು ಧೈರ್ಯ.

ಎಂಬತ್ತೆಂಟರಲ್ಲಿ ಜಯದೇವನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಮಾಲೀಕರಾದ ಕಾಮೇಶ್ವರ, ಅವರ ಹೆಂಡತಿ ಅನ್ನಪೂರ್ಣಮ್ಮ. ಅನ್ನಪೂರ್ಣಮ್ಮ ಅಂದರೆ ಹೆಸರಿಗೆ ತಕ್ಕ ಹೆಂಗಸು. ಆವಕಾಯಿ ಹಾಕಿದರೆ ಮೊದಲ ಜಾಡಿ ಮಹಡಿಗೆ. ಜಯದೇವನ ತಾಯಿ ಸುಶೀಲಮ್ಮ ಗದಗಿನಿಂದ ಬಂದು ಇವರ ಜೊತೆ ನಿಂತಮೇಲೆ ಇಬ್ಬರೂ ಮುದುಕಿಯರು ಸಂಜೆ ಮೆಟ್ಟಿಲ ಮೇಲೆ ಕೂತು, ಒಬ್ಬರು ಕನ್ನಡದಲ್ಲಿ ಒಬ್ಬರು ತೆಲುಗಿನಲ್ಲಿ, ಸೊಸೆಯಂದಿರನ್ನು ಬೈಯುತ್ತಿದ್ದರು. ಸಿಂಹಾಚಲದ ಗುಡಿಗೂ ಒಟ್ಟಿಗೇ ಹೋಗಿಬರುತ್ತಿದ್ದರು.

ತೊಂಬತ್ತರಲ್ಲಿ ಸುಶೀಲಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣವನ್ನು ಶವಾಗಾರದಲ್ಲಿ ಬಿಡಲು ಜಯದೇವನ ಮನಸ್ಸು ಒಪ್ಪಲಿಲ್ಲ. ಅವನ ಅಣ್ಣ ಗದಗಿನಿಂದ ರೈಲು ಹತ್ತಿದ್ದ, ಮರುದಿನ ಬೆಳಗ್ಗೆ ಬಂದು ಮುಟ್ಟುವವನಿದ್ದ. ಅಲ್ಲಿಯವರೆಗೆ ತಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳೋಣವೆಂದು ವ್ಯಾನಿನಲ್ಲಿ ತಂದೆವು. ನಾನೂ ಜೊತೆಗಿದ್ದೆ. ಗೇಟಿನಲ್ಲಿ ಅನ್ನಪೂರ್ಣಮ್ಮ ನಿಂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಗೇಟಿನ ಚಿಲಕದ ಮೇಲಿತ್ತು. "ಬಾಬೂ, ಮಗಳ ಮದುವೆ ಗೊತ್ತಾಗಿದೆ. ಬಾಡಿಗೆ ಮನೆಗೆ ಹೆಣ ತರಬಾರದು. ನಮ್ಮಲ್ಲಿ ಆ ಪದ್ಧತಿ ಇಲ್ಲ" ಎಂದರು. ಕಾಮೇಶ್ವರ ಹೊರಗೇ ಬರಲಿಲ್ಲ.

ಊರೂರು ತಿರುಗುವ ಬಾಡಿಗೆಯವರಿಗೆ ಈ ಕಟ್ಟಳೆ ಹೊಸದಲ್ಲ. ಮನೆ ಕೊಡುವಾಗ ಮೀನು ಮಾಂಸದ ಬಗ್ಗೆ ಕೇಳುತ್ತಾರೆ, ನೀರಿನ ಬಗ್ಗೆ ಹೇಳುತ್ತಾರೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬಾಯಿಬಿಡದ ಕರಾರೇ ಗಟ್ಟಿ. ಎದುರಿಗಿದ್ದ ಬಾದಾಮಿ ಮರದ ಕೆಳಗೆ, ಸ್ಕೂಟರುಗಳು ಹಾರ್ನ್ ಹಾಕಿಕೊಂಡು ಹೋಗುವ ಬೀದಿಯಲ್ಲಿ, ಚಾಪೆ ಹಾಸಿ ಸುಶೀಲಮ್ಮನನ್ನು ಮಲಗಿಸಿ, ಇದ್ದಷ್ಟು ಜನ ನೀರು ಬಿಟ್ಟು, ಸಂಜೆಯೊಳಗೆ ದಹನ ಮುಗಿಸಿದೆವು. ಬೆಳಗ್ಗೆ ಅಣ್ಣ ಬಂದ. ಅವನ ಕೈಗೆ ಜಯದೇವ ಅಸ್ಥಿಯ ಮಡಕೆ ಕೊಟ್ಟ. "ಮುಖಾನರೆ ನೋಡ್ತಿದ್ನಲ್ಲೋ" ಎಂದ ಅಣ್ಣ. ಅಷ್ಟೇ ಅಂದದ್ದು. ಜಯದೇವ ಅವತ್ತಿನಿಂದ ಆ ಅಣ್ಣನ ಎದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಾಣೆ. ತಿಂಗಳೊಪ್ಪತ್ತಿನಲ್ಲಿ ಅವರು ಮನೆ ಬದಲಾಯಿಸಿದರು. ಮುಂದೆ ಪ್ರಮೋಷನ್ ಬಂದಾಗ ಜಯದೇವ ಬೇಡವೆಂದು ಬರೆದುಕೊಟ್ಟು ವಿಶಾಖಪಟ್ಟಣದಲ್ಲೇ ಉಳಿದ. ಹೆಂಡತಿಗೆ ಊರಿನಲ್ಲಿ ಅಲ್ಪಸ್ವಲ್ಪ ಸ್ವಂತ ಕೆಲಸ ಸಿಗತೊಡಗಿತ್ತು, ಅದಕ್ಕಾಗಿ. ಒಳ್ಳೆಯವನು.

ಸಂಘಕ್ಕೆ ಸೈಟು ಸಿಕ್ಕಿದ್ದು ತೊಂಬತ್ಮೂರರಲ್ಲಿ. ಅಲ್ಲಿಂದ ಶುರುವಾಯಿತು ನೋಡಿ ನಮ್ಮವರ ಪ್ರತಾಪ. ಸಂಘದಲ್ಲಿ ಅರ್ಧ ಬ್ಯಾಂಕಿನವರು, ಅರ್ಧ ನೌಕಾಪಡೆಯವರು. ಒಬ್ಬೊಬ್ಬರ ಎದೆಯಲ್ಲೂ ಒಂದೊಂದು ಜಿಲ್ಲೆ. ಅಧ್ಯಕ್ಷ ಚಂದ್ರಮೌಳಿ ನಮ್ಮ ಬ್ಯಾಂಕಿನ ಚೀಫ್ ಮ್ಯಾನೇಜರ್, ಮೈಸೂರಿನವರು. ಅವರಿಗೆ ಅರಮನೆಯ ಕಮಾನು ಬೇಕು. ನೌಕಾಪಡೆಯಿಂದ ನಿವೃತ್ತರಾಗಿ ಇಲ್ಲೇ ಬಾಡಿಗೆ ಮನೆಯಲ್ಲಿ ನೆಲೆನಿಂತ ಶಂಕರಪ್ಪ ಬಿಜಾಪುರದವರು. ಅವರಿಗೆ ಗೋಳಗುಮ್ಮಟ ಬೇಕು. ಮಂಗಳೂರಿನವರಿಗೆ ಹೆಂಚು, ಹಾಸನದವರಿಗೆ ನಕ್ಷತ್ರದಾಕಾರದ ಜಗತಿ. ನಾನು ತುಮಕೂರಿನವನು, ನಮ್ಮ ಕಡೆಯದು ಏನು ಕೇಳಬೇಕೋ ತಿಳಿಯದೆ ಸುಮ್ಮನಿದ್ದೆ.

ಎರಡು ನಕ್ಷೆ ತರಿಸುವುದೆಂದಾಯಿತು. ಒಂದು ಸುಲೋಚನಾಳದು. ಅವಳ ಸಹಿಯಿಂದಲೇ ಎದ್ದು ನಿಲ್ಲುವ ಮೊದಲ ಕಟ್ಟಡ ಇದಾಗಬಹುದಿತ್ತು. ಇನ್ನೊಂದು ದುರ್ಗಾಪ್ರಸಾದನದು. ಇವನು ಇಲ್ಲಿಯವನೇ, ದೆಹಲಿಯಲ್ಲಿ ಓದಿ ಬಂದ ಹುರುಪಿನ ಆರ್ಕಿಟೆಕ್ಟ್. ಊರಿನ ಹೊಸ ಅಪಾರ್ಟ್‌ಮೆಂಟುಗಳಿಗೆ ಗ್ರೀಕ್ ಕಂಬ ನಿಲ್ಲಿಸಿ ಹೆಸರು ಮಾಡಿದ್ದ. ಅದನ್ನೇ ಪೋಸ್ಟ್‌ಮಾಡರ್ನ್ ಎನ್ನುತ್ತಿದ್ದ. ನಮ್ಮವರಿಗೆ ಆ ಪದ ಕೇಳಿ, ಮಾಡರ್ನ್‌ಗಿಂತ ಮುಂದಿನ ಮಾಡೆಲ್ ಇರಬೇಕು ಎಂದು ಖುಷಿಯೋ ಖುಷಿ.

ಒಂದು ಭಾನುವಾರ ಬೆಳಗ್ಗೆ ಶಾಲೆಯೊಂದರ ಹಾಲಿನಲ್ಲಿ ಸಭೆ ಸೇರಿತು. ಉಪ್ಪಿಟ್ಟು, ಕಾಫಿ, ಮೇಜಿನ ಮೇಲೆ ಎರಡು ಮಾಡೆಲ್ಲು. ದುರ್ಗಾಪ್ರಸಾದ ಥರ್ಮೋಕೋಲಿನಲ್ಲಿ ಮಾಡಿದ್ದು ನೋಡಿ ಜನ ಚಪ್ಪಾಳೆ ತಟ್ಟಿದರು. ಗುಲಾಬಿ ಬಣ್ಣ. ಮುಂದೆ ಮೈಸೂರಿನ ಕಮಾನು, ಮೇಲೆ ಅರ್ಧ ಗುಮ್ಮಟ, ಪಕ್ಕದಲ್ಲಿ ಹೆಂಚು, ಕೆಳಗೆ ನಕ್ಷತ್ರದ ಜಗತಿ. ಯಾರನ್ನೂ ಬಿಟ್ಟಿರಲಿಲ್ಲ, ಪಾಪ. ಸುಲೋಚನಾಳದು ಬೂದು ರಟ್ಟಿನದು. ಎತ್ತರದ ಸೂರು, ಕಡಲ ಗಾಳಿಗೆ ಮುಖ ಮಾಡಿದ ಜಾಲಂಧ್ರದ ಗೋಡೆ, ಬಿಸಿಲಿನ ಕಡೆ ಆಳವಾದ ಜಗಲಿ. "ಎಫ್‌ಸಿಐ ಗೋಡೌನ್ ಇದ್ದ ಹಾಗಿದೆ" ಎಂದು ಹಿಂದಿನಿಂದ ಯಾರೋ ಅಂದರು. ನಕ್ಕವರಲ್ಲಿ ಅಧ್ಯಕ್ಷರೂ ಇದ್ದರು.

ದುರ್ಗಾಪ್ರಸಾದ ತೆಲುಗಿನಲ್ಲಿ ಮಾತಾಡಿದ. ನಮಗೆಲ್ಲ ಅಷ್ಟು ತೆಲುಗು ಬಂದಿತ್ತು, ನಮ್ಮ ಮಕ್ಕಳಿಗಂತೂ ಅದೇ ಮಾತೃಭಾಷೆಯಾಗುವ ಹಂತಕ್ಕೆ ಬಂದಿತ್ತು. ಹುಡುಗ ಮಾತಿನಲ್ಲಿ ಗಟ್ಟಿಗ. "ಮಾಡರ್ನ್ ಕಟ್ಟಡ ಚಂಡೀಗಢದಲ್ಲೂ ಅದೇ, ಮದ್ರಾಸಿನಲ್ಲೂ ಅದೇ. ಎದುರಿಗೆ ಬಂದವರನ್ನು ಗುರುತು ಹಿಡಿಯುವುದಿಲ್ಲ. ನೀವು ಊರು ಬಿಟ್ಟು ಬಂದವರು. ನಿಮ್ಮ ಮನೆಯ ನೆನಪನ್ನು ಕಟ್ಟಡ ಹೇಳಬೇಡವೇ? ಅಲಂಕಾರ ಸುಳ್ಳು ಅನ್ನುತ್ತಾರೆ ಮೇಡಂ. ನಮ್ಮ ಸಿಂಹಾಚಲದ ಅಪ್ಪನ್ನ ಸ್ವಾಮಿ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತಾನೆ, ನಿಜರೂಪ ಕಾಣುವುದು ಒಂದೇ ದಿನ. ಆ ಗಂಧ ಸುಳ್ಳೇ?"

ಸಭೆ ಅಬ್ಬಾ ಅಂದಿತು. ನನಗೂ ಇವಳ ಕಥೆ ಮುಗಿಯಿತು ಅನ್ನಿಸಿತು.

ಸುಲೋಚನಾ ಕಾಫಿ ಲೋಟ ಕೆಳಗಿಟ್ಟು ಎದ್ದಳು. "ಗಂಧ ಸುಳ್ಳಲ್ರೀ. ಉಗ್ರ ನರಸಿಂಹಗ ತಂಪು ಬೇಕು, ಗಂಧ ತಂಪು ಮಾಡ್ತದ. ಕೆಲಸಾ ಮಾಡೂ ಅಲಂಕಾರಕ್ಕ ನಾ ಯಾವಾಗರೆ ಬ್ಯಾಡ ಅಂದೀನೇನು? ನಿಮ್ಮ ಅರ್ಧ ಗುಮ್ಮಟ ಏನ್ ಕೆಲಸಾ ಮಾಡ್ತದ ಹೇಳ್ರಿ. ಈ ಉಪ್ಪುಗಾಳಿಗೆ ನಾಕು ವರ್ಷದಾಗ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರ್ತದ. ಆವಾಗ ಇಲ್ಲಿ ಕೂತವ್ರು ಯಾರ್ಯಾರು ಇರ್ತೀರಿ? ಒಬ್ರು ಲಖ್ನೋ, ಒಬ್ರು ಗುವಾಹಟಿ. ಆರ್ಡರ್ ಬಂದ ಮ್ಯಾಲ ಗುಮ್ಮಟ ಹೊತ್ಕೊಂಡು ಹೋಗ್ತೀರೇನು?"

ಇದು ನಾಟಿತು. ವರ್ಗದ ಮಾತೆತ್ತಿದರೆ ಎಂಥ ಬ್ಯಾಂಕಿನವನೂ ಮೆತ್ತಗಾಗುತ್ತಾನೆ. ಎಲ್ಲ ಸರಿಹೋಯಿತು ಅನ್ನುವಾಗ ಶಂಕರಪ್ಪ ಅವಳ ಮಾಡೆಲ್ಲಿನ ಹತ್ತಿರ ಬಗ್ಗಿ ನೋಡಿ, ದಕ್ಷಿಣದ ಬದಿಗೆ ಇದ್ದ ಒಂದು ಚಾವಡಿಯನ್ನು ಬೆರಳಿನಿಂದ ತೋರಿಸಿದರು. ಮೇಲೆ ಸೂರು, ಮೂರು ಕಡೆ ಗೋಡೆಯಿಲ್ಲ, ಮೂಲೆಯಲ್ಲಿ ನಲ್ಲಿ. ನಡುವೆ ಒಂದು ಬಾಗಿಲು, ಅದು ದೊಡ್ಡ ಹಾಲಿಗೆ ತೆರೆಯುತ್ತಿತ್ತು. "ಇದೇನ್ರೀ ತಂಗಿ, ಸ್ಕೂಟರ್ ಸ್ಟ್ಯಾಂಡೇನು?"

ಹೌದು ಅಂದಿದ್ದರೆ ಗೆದ್ದಿದ್ದಳು. ಜಯದೇವ ಕಣ್ಣಲ್ಲೇ ಹೌದು ಅನ್ನು ಅನ್ನು ಎಂದು ಬೇಡಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

"ಅಲ್ರೀ ಕಾಕಾ. ಹೆಣ ಇಡೂ ಜಾಗಾ" ಎಂದಳು ಸುಲೋಚನಾ.

ಉಪ್ಪಿಟ್ಟಿನ ತಟ್ಟೆಗಳು ಅಲ್ಲಲ್ಲೇ ನಿಂತವು. ಆಮೇಲೆ ಎದ್ದ ಗದ್ದಲ ಹೇಳತೀರದು. ಚಂದ್ರಮೌಳಿಯವರು ಬಿಳಿಚಿಕೊಂಡಿದ್ದರು. "ಏನಮ್ಮಾ ಇದು, ಮದುವೆ ಮುಂಜಿ ನಡೆಯೋ ಜಾಗ! ಶುಭ ನುಡಿಯೋ ಸೋಮ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಅವಳು ಹಿಂದೆ ಸರಿಯಲಿಲ್ಲ. ಬಾದಾಮಿ ಮರದ ಕೆಳಗೆ ತನ್ನ ಅತ್ತೆಯನ್ನು ಮಲಗಿಸಿದ್ದನ್ನು ಹೇಳಿದಳು. ಗೇಟಿನ ಚಿಲಕದ ವಿಷಯ ಹೇಳಿದಳು. ಮರುದಿನ ಬಂದ ಭಾವನ ವಿಷಯ ಹೇಳಿದಳು. "ಇಲ್ಲಿರೋರೆಲ್ಲ ಬಾಡಿಗಿ ಮನ್ಯಾಗ ಅದೀರಿ. ಮದುವಿಗೆ ಈ ಊರಾಗ ನೂರು ಹಾಲ್ ಸಿಗ್ತಾವ. ಇದಕ್ಕ ಒಂದು ಸಿಗ್ತದೇನು? ನೆಲಾ ನೆಲಾನ ರೀ. ತೊಳದ್ರ ಹೋಗ್ತದ."

ಆ ಕೊನೆಯ ಮಾತು ಕೆಲಸ ಕೆಡಿಸಿತು. ತೊಳೆದರೆ ಹೋಗುತ್ತದೆ ಎಂದು ಅಲ್ಲಿದ್ದ ಒಬ್ಬ ಹೆಂಗಸೂ ಒಪ್ಪಲಿಲ್ಲ. ನನ್ನ ಹೆಂಡತಿಯೇ ತಲೆ ಅಲ್ಲಾಡಿಸಿದಳು. ಆಗ ಎದ್ದವನು, ನಂಬಿದರೆ ನಂಬಿ, ದುರ್ಗಾಪ್ರಸಾದ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನ ಗುಲಾಬಿ ಕಟ್ಟಡಕ್ಕೆ ಅಂದೇ ಮುಹೂರ್ತವಾಗುತ್ತಿತ್ತು.

"ಮೇಡಂ, ಜಾಗ ಬೇಕು ಅನ್ನುವುದು ಸರಿ. ಬಾಗಿಲು ತಪ್ಪು" ಎಂದ ಅವನು. "ನೆಲ ಬರೀ ನೆಲ ಅಂತ ನಿಮ್ಮ ಮಾಡರ್ನ್ ಹೇಳುತ್ತದೆ. ಮನುಷ್ಯರು ಹಾಗೆ ಬದುಕುವುದಿಲ್ಲ. ಮದುವೆ ಹಾಲಿಗೂ ಇದಕ್ಕೂ ನಡುವೆ ಬಾಗಿಲಿದ್ದರೆ ಎಷ್ಟು ತೊಳೆದರೂ ಮೈಲಿಗೆಯೇ. ಆ ಬಾಗಿಲು ಮುಚ್ಚಿ. ನಡುವೆ ಅಗಲವಾಗಿ ಆಕಾಶ ಕಾಣುವ ಜಾಗ ಬಿಡಿ. ಇದಕ್ಕೆ ಹಿಂದಿನ ಬೀದಿಗೆ ಬೇರೆ ಗೇಟು ಕೊಡಿ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮನೆ. ದಿಕ್ಕೂ ದಕ್ಷಿಣವೇ ಆಯಿತಲ್ಲ, ಯಮನ ದಿಕ್ಕು."

ಸುಲೋಚನಾ ಗಾಳಿಗಾಗಿ ದಕ್ಷಿಣ ಹಿಡಿದಿದ್ದಳು, ಯಮನಿಗಾಗಿ ಅಲ್ಲ. ಅವಳು ಮಾಡೆಲ್ಲಿನ ಮೇಲೆ ಬಗ್ಗಿ ಆ ಬಾಗಿಲಿನ ರಟ್ಟನ್ನು ಉಗುರಿನಿಂದ ಕಿತ್ತು ತೆಗೆದು ಮೇಜಿನ ಮೇಲಿಟ್ಟಳು. "ಖರೇ ಅದ. ಇದು ನನಗ ಹೊಳೀಲಿಲ್ಲ" ಎಂದಳು. ಸೋತ ದನಿಯಲ್ಲ. ಒಂದು ತಪ್ಪು ಸಿಕ್ಕಿತಲ್ಲ ಎಂಬ ಸಮಾಧಾನ.

ಆದರೂ ಚಂದ್ರಮೌಳಿ ಬಗ್ಗಲಿಲ್ಲ. ಬೇರೆ ಗೇಟಾದರೂ ಒಂದೇ ಸೈಟು, ಸಾವಿನ ಗುರುತು ಇರಕೂಡದು, ದುರ್ಗಾಪ್ರಸಾದನ ಗುಮ್ಮಟದ ಕಟ್ಟಡವೇ ಆಗಲಿ ಎಂದರು. ಸುಲೋಚನಾ ಅವರ ಕಡೆ ತಿರುಗಿದಳು.

"ಸರ್, ಗೋಳಗುಮ್ಮಟ ಏನದು?"

"ಏನದು ಅಂದ್ರೆ? ಗುಮ್ಮಟ. ಜಗತ್ಪ್ರಸಿದ್ಧ."

"ಸುಲ್ತಾನನ ಗೋರಿ ರೀ. ಅದರ ಕೆಳಗ ಮಣ್ಣು ಮಾಡ್ಯಾರ. ಗೋರಿ ಗುಮ್ಮಟಾ ಹೊತ್ತ ಮಂಟಪದಾಗ ತಾಳಿ ಕಟ್ಟಿದ್ರ ನಿಮಗ ನಡೀತದ. ಹಿಂದಿನ ಬೀದಿ ಕಡೆ ನಮ್ಮ ಮಂದೀನ ಒಂದು ರಾತ್ರಿ ಮಲಗಿಸಿದ್ರ ನಡ್ಯಂಗಿಲ್ಲೇನು?"

ಮೊದಲು ನಕ್ಕವರು ಶಂಕರಪ್ಪ, ಬಿಜಾಪುರದ ಗಂಡಸು. ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಿದಾಗಿನಿಂದ ಅದರ ನೆರಳಲ್ಲಿ ಆಡಿದವರು, ಮದುವೆ ಮಂಟಪಕ್ಕೆ ಅದನ್ನು ಕೇಳುವಾಗ ಅದು ಗೋರಿ ಎಂಬುದೇ ಅವರಿಗೆ ಹೊಳೆದಿರಲಿಲ್ಲ. ದೂರದ ಊರಿನಲ್ಲಿ ಕೂತವರಿಗೆ ತಮ್ಮ ಜಿಲ್ಲೆಯದೆಲ್ಲ ಬರೀ ಹೆಮ್ಮೆಯಾಗಿಯೇ ಕಾಣುತ್ತದೆ. ನಗು ನಿಂತ ಮೇಲೆ ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಅಧ್ಯಕ್ಷರಿಗೆ ಹೇಳಿದರು: "ಸಾಹೇಬ್ರ, ನೀವು ನಾಳೆ ಹೋಗ್ತೀರಿ. ನನಗ ಇಲ್ಲೇ ಸಾಯೂದದ, ಬಾಡಿಗಿ ಮನ್ಯಾಗ. ನನ್ನ ಕೈ ತಂಗಿ ಕಡೆಗ." ಕೈಯೆತ್ತಿದರು. ನನ್ನ ಹೆಂಡತಿಯೂ ಎತ್ತಿದಳು. ಅವಳು ಎತ್ತಿದ ಮೇಲೆ ನಾನೂ ಎತ್ತಿದೆ, ಮನೆಗೆ ಹೋಗಬೇಕಲ್ಲ.

ಕಟ್ಟಡ ತೊಂಬತ್ತಾರರಲ್ಲಿ ಮುಗಿಯಿತು. ಅಷ್ಟರಲ್ಲಿ ಚಂದ್ರಮೌಳಿಯವರಿಗೆ ಲಖ್ನೋಗೇ ವರ್ಗವಾಗಿತ್ತು. ಸುಲೋಚನಾ ಹಠ ಹಿಡಿದು ದುರ್ಗಾಪ್ರಸಾದನನ್ನೂ ಕೆಲಸಕ್ಕೆ ಸೇರಿಸಿಕೊಂಡಳು. ಇಬ್ಬರೂ ಸೈಟಿನಲ್ಲಿ ದಿನಾ ಜಗಳ. ದಕ್ಷಿಣದ ಚಾವಡಿಯ ಗೋಡೆಯಲ್ಲಿ ಒಂದು ದೀಪದ ಗೂಡು ಇರಲೇಬೇಕೆಂದು ಅವನು. ಯಾಕೆ ಎಂದು ಅವಳು. ತಲೆದೆಸೆಗೆ ದೀಪವಿಲ್ಲದ ಸಾವು ಉಂಟೇ ಎಂದು ಅವನು. ಕೊನೆಗೆ ಅವಳು ಒಪ್ಪಿ, ಕಡಲ ಗಾಳಿ ನುಗ್ಗದಂತೆ ಗೂಡಿನ ಬದಿಗೆ ಓರೆಯಾದ ಸಣ್ಣ ಗೋಡೆ ಕಟ್ಟಿಸಿ, ಮೇಣದಬತ್ತಿ ಹಚ್ಚಿಟ್ಟು ಪರೀಕ್ಷೆ ಮಾಡಿದಳು. ಹೆಣದ ಸುತ್ತ ಇಡುವ ಮಂಜುಗಡ್ಡೆ ಕರಗಿದ ನೀರು ನಿಲ್ಲದೆ ಹರಿದುಹೋಗಲು ನೆಲಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಳು. ಮಾಡರ್ನ್ ದೊಡ್ಡದೋ ಪೋಸ್ಟ್‌ಮಾಡರ್ನ್ ದೊಡ್ಡದೋ ಎಂದು ಈಗಲೂ ಸಭೆಗಳಲ್ಲಿ ಕಚ್ಚಾಡುವವರನ್ನು ಕಂಡರೆ ನಾನು ಆ ಗೂಡನ್ನೂ ಆ ಇಳಿಜಾರನ್ನೂ ತೋರಿಸುತ್ತೇನೆ. ಎರಡೂ ಒಂದೇ ಚಾವಡಿಯಲ್ಲಿವೆ.

ತೊಂಬತ್ತೆಂಟರ ಒಂದು ಬೆಳಗ್ಗೆ ಸುಲೋಚನಾ ನನ್ನ ಮನೆಗೆ ಬಂದು ದಕ್ಷಿಣದ ಗೇಟಿನ ಕೀಲಿ ಕೇಳಿದಳು. ಯಾರು ಹೋದರು ಎಂದೆ. ಕಾಮೇಶ್ವರ ಎಂದಳು.

ಅವರ ಮನೆಯನ್ನು ಬಿಲ್ಡರಿಗೆ ಕೊಟ್ಟು ಅಲ್ಲೀಗ ಅಪಾರ್ಟ್‌ಮೆಂಟ್ ಎದ್ದಿತ್ತು, ಮುಂದೆ ಸಾಲಾಗಿ ಗ್ರೀಕ್ ಕಂಬಗಳು. ಗಂಡಹೆಂಡತಿ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿದ್ದರು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ಕೆಳಗೆ ಕಂಬಗಳ ನಡುವೆ ಇಡೋಣವೆಂದರೆ ಅಪಾರ್ಟ್‌ಮೆಂಟಿನವರು ಬೇಡವೆಂದರು, ಯಾರದೋ ಗೃಹಪ್ರವೇಶವಂತೆ. ಮಗ ಭಿಲಾಯಿಯಲ್ಲಿ ಕೆಲಸದಲ್ಲಿದ್ದ, ಮರುದಿನ ಬೆಳಗ್ಗೆ ಬಂದು ಮುಟ್ಟುವವನಿದ್ದ.

ನನಗೆ ರೇಗಿತು, ಸುಳ್ಳು ಹೇಳುವುದಿಲ್ಲ. "ಬೈಲಾ ಪ್ರಕಾರ ಮೆಂಬರುಗಳಿಗೆ ಮಾತ್ರ ಕಣಮ್ಮಾ. ಅದೂ ಅವರಿಗಾ? ಮಾಡಿದ್ದುಣ್ಣೋ ಮಹರಾಯ" ಎಂದೆ.

"ಬೈಲಾ ನೀವು ಬರದದ್ದು, ಗೇಟು ನಾ ಮಾಡಿದ್ದು. ಕೀಲಿ ಕೊಡ್ರಿ ಅಣ್ಣಾ" ಎಂದಳು. ಕೊಟ್ಟೆ. ಹಿಂದೆಯೇ ನಾನೂ ಹೋದೆ.

ವ್ಯಾನು ಬಂದು ನಿಂತಿತು. ಅನ್ನಪೂರ್ಣಮ್ಮ ಇಳಿದು, ತೆರೆದ ಗೇಟಿನ ಹೊರಗೇ ನಿಂತುಬಿಟ್ಟರು. ಒಳಗೆ ಕಾಲಿಡಲು ಅವರಿಂದ ಆಗಲಿಲ್ಲ. "ಅಮ್ಮಾ ಸುಲೋಚನಾ, ಆ ದಿನ ನಾನು..." ಎಂದರು ತೆಲುಗಿನಲ್ಲಿ. ಮುಂದೆ ಹೇಳಲು ಸುಲೋಚನಾ ಬಿಡಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ತಾನೂ ತೆಲುಗಿನಲ್ಲೇ, "ಮಗನ ಗಾಡಿ ಎಷ್ಟು ಗಂಟೆಗಮ್ಮಾ?" ಎಂದು ಕೇಳಿದಳು. ಜಯದೇವ ಮಂಜುಗಡ್ಡೆ ತಂದ. ದೀಪ ಹಚ್ಚಿದ್ದು ಶಂಕರಪ್ಪ.

ಮರುದಿನ ಗಾಡಿ ತಡವಾಯಿತು. ಬಿಸಿಲೇರಿದ ಮೇಲೆ ಮಗ ಆಟೋದಿಂದ ಇಳಿದು ಓಡಿಬಂದ. ತಂದೆಯ ಪಕ್ಕದಲ್ಲಿ ಕುಸಿದು ಕೂತು, ಎರಡೂ ಕೈಯಲ್ಲಿ ಆ ಮುಖ ಹಿಡಿದುಕೊಂಡ. ಯಾರೂ ಅವನನ್ನು ಅವಸರಪಡಿಸಲಿಲ್ಲ.

ಜಯದೇವ ಎಲ್ಲಿ ಎಂದು ನೋಡಿದೆ. ಗೇಟಿನ ಹೊರಗೆ ಬೀದಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದ. ಸುಲೋಚನಾ ಹೋಗಿ ಪಕ್ಕದಲ್ಲಿ ನಿಂತಳು. "ನಮ್ಮಣ್ಣಗ ಇಷ್ಟರೆ ಸಿಗಬೇಕಾಗಿತ್ತು" ಎಂದ ಜಯದೇವ. "ಹೌದು" ಎಂದಳು ಅವಳು. ಅವತ್ತು ಸಂಜೆ ಅವನು ಎಸ್‌ಟಿಡಿ ಬೂತಿಗೆ ಹೋಗಿ ಗದಗಿಗೆ ಫೋನು ಮಾಡಿ ಅಣ್ಣನ ಜೊತೆ ಬಹಳ ಹೊತ್ತು ಮಾತಾಡಿದ.